ವಸಡಿನಿಂದ ರಕ್ತ ಬರುತ್ತಿದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಇಲ್ಲ. ಹಲ್ಲಿನ ಬುಡದಲ್ಲಿ ಕೂತ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ವಸಡು ಊದಿ ರಕ್ತ ಬರುತ್ತದೆ. ಈ ಹಂತದಲ್ಲೇ ಸ್ಕೇಲಿಂಗ್ (ಗಟ್ಟಿ ಪಾಚಿ ತೆಗೆಯುವ ಕ್ಲೀನಿಂಗ್) ಮಾಡಿಸಿ, ದಿನಕ್ಕೆ 2 ಸಲ ಮೆತ್ತನೆ ಬ್ರಷ್‌ನಿಂದ ಉಜ್ಜಿದರೆ ವಸಡು ಮೊದಲಿನಂತಾಗುತ್ತದೆ. ರಕ್ತಕ್ಕೆ ಹೆದರಿ ಉಜ್ಜುವುದನ್ನೇ ಬಿಡುವವರಿದ್ದಾರೆ, ಅದು ಉಲ್ಟಾ ಕೆಲಸ!

ನಿರ್ಲಕ್ಷಿಸಿದರೆ ಹಲ್ಲು ಹಿಡಿದಿರುವ ಮೂಳೆಯೇ ಕರಗುತ್ತದೆ, ತಾನಾಗಿ ಮತ್ತೆ ಬೆಳೆಯುವುದಿಲ್ಲ. ಆಗ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ವಸಡಿನ ಕೆಳಗೂ ಸ್ವಚ್ಛ ಮಾಡಬೇಕಾಗುತ್ತದೆ. ಕೆಲವರಿಗೆ ವಸಡನ್ನು ಬಿಡಿಸಿ ಒಳಗೆ ಸ್ವಚ್ಛ ಮಾಡುವ ಫ್ಲ್ಯಾಪ್ ಸರ್ಜರಿಯೂ ಬೇಕು. ಕ್ಲೀನಿಂಗ್ ನಂತರ ಹಲ್ಲು ಅಲುಗಿದಂತೆ ಅನಿಸಿದರೆ, ಮೂಳೆ ಮೊದಲೇ ಸವೆದಿತ್ತು, ಗಟ್ಟಿ ಪಾಚಿ ಅದನ್ನು ಮರೆಮಾಚಿತ್ತು ಅಷ್ಟೇ.

ಶುಗರ್ ಇದ್ದರೆ ಹತೋಟಿಯಲ್ಲಿಡಿ. ಬೀಡಿ, ಸಿಗರೇಟು ಸೇದುವವರಿಗೆ ರಕ್ತ ಅಷ್ಟಾಗಿ ಕಾಣದೆಯೂ ರೋಗ ಬೆಳೆಯಬಹುದು.