ಸೋಲಾರ್ ಹಾಕಿಸಿದರೂ ಯೂನಿಟ್ ಯಾಕೆ ಇಳಿಯಲಿಲ್ಲ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಬರೆದಿದ್ದಾರೆ: "ತಾರಸಿಯ ಮೇಲೆ 200 ಲೀಟರಿನ ಸೋಲಾರ್ ಹೀಟರ್ ಇದೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಕೂಡ ಹಾಕಿಸಿದ್ದೇವೆ. ಅಡುಗೆಮನೆಗೆ ಗೊಬ್ಬರ ಮಾಡುವ ಮೆಷಿನ್ ತಂದೆವು. ಎಷ್ಟು ಕರೆಂಟ್ ಖರ್ಚಾಯಿತು ಎಂದು ತೋರಿಸುವ ಆ್ಯಪ್ ನನ್ನ ಫೋನಿನಲ್ಲಿದೆ. ಆದರೂ ಯೂನಿಟ್ ಇಳಿದಿಲ್ಲ. ಮನೆಯವರಿಗೆ ಜವಾಬ್ದಾರಿ ಕಲಿಸುವುದು ಹೇಗೆ? ಮುಂದೆ ಯಾವ ಉಪಕರಣ ಕೊಳ್ಳಲಿ?"

ಸಂಪಾದಕರ ಉತ್ತರ:

ನಿಮ್ಮ ಕಾಳಜಿಗೆ ಮೊದಲು ನಮಸ್ಕಾರ. ಆದರೆ ಮನೆಯವರನ್ನು ದೂರುವ ಮುಂಚೆ ಆ ಉಪಕರಣಗಳನ್ನೇ ಸ್ವಲ್ಪ ವಿಚಾರಿಸಿಕೊಳ್ಳೋಣ.

ನೀರು ಕಾಯಿಸುವುದರಿಂದಲೇ ಶುರು ಮಾಡುತ್ತೇನೆ. ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಕರೆಂಟ್ ಜಾಸ್ತಿ ಹೋಗುವ ಜಾಗಗಳಲ್ಲಿ ಅದೂ ಒಂದು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವಾಟಿನ ಎಲ್‌ಇಡಿ ಬಲ್ಬು 50 ಗಂಟೆ ಉರಿಯುತ್ತದೆ. ಲೈಟ್ ಆರಿಸಿಲ್ಲ ಅಂತ ಮಕ್ಕಳನ್ನು ಗದರುತ್ತೇವೆ, ಬಚ್ಚಲಿನ ಕಡೆ ಯಾರೂ ನೋಡುವುದಿಲ್ಲ.

ಈಗ ನಿಮ್ಮ ಕಾಯಿಲ್ ವಿಷಯ. ಆಷಾಢದ ಮೋಡದಲ್ಲಿ ಬೆಳಗಿನ ಸ್ನಾನಕ್ಕೆಂದು ರಾತ್ರಿಯೇ ಸ್ವಿಚ್ ಹಾಕುತ್ತೀರಿ, ಅಲ್ವಾ? ಬೇಕಾದದ್ದು ಎರಡು ಬಕೆಟ್. ಅದು ಕಾಯಿಸುವುದು ಇಡೀ 200 ಲೀಟರ್. 20 ಡಿಗ್ರಿ ಏರಿಸಬೇಕಾದರೆ ನಾಲ್ಕೂವರೆ ಯೂನಿಟ್‌ಗಿಂತ ಜಾಸ್ತಿ. ಮೇಲಾಗಿ ಬೆಳಗ್ಗೆ ಮೋಡ ಸರಿದು ಬಿಸಿಲು ಬಂತು ಅನ್ನಿ, ಟ್ಯಾಂಕು ಆಗಲೇ ಕಾದು ಕೂತಿರುತ್ತದೆ. ಬಿಟ್ಟಿ ಬಿಸಿಲು ಸೇರಿಕೊಳ್ಳಲು ಜಾಗವೇ ಇರುವುದಿಲ್ಲ. ಇದರಲ್ಲಿ ಮನೆಯವರ ತಪ್ಪೇನಿದೆ? ಕಾಯಿಲನ್ನು ಅಲ್ಲಿಟ್ಟವರು ಸ್ನಾನ ಮಾಡುವವರ ಲೆಕ್ಕ ಹಾಕಲಿಲ್ಲ. ಬಚ್ಚಲಲ್ಲಿ ಒಂದು ಚಿಕ್ಕ ಗೀಸರ್ ಇಟ್ಟು, ಸೋಲಾರಿನ ಉಗುರುಬೆಚ್ಚಗಿನ ನೀರನ್ನೇ ಅದಕ್ಕೆ ಬಿಟ್ಟರೆ ಉಳಿದ ನಾಲ್ಕಾರು ಡಿಗ್ರಿಯನ್ನು ಅದು ಸೇರಿಸುತ್ತದೆ, ನಿಮಗೆ ಬೇಕಾದಷ್ಟು ನೀರಿಗೆ ಮಾತ್ರ. ಬಿಸಿನೀರು ಒಳಗೆ ಬಂದರೆ ತಾಳಿಕೊಳ್ಳುವ ಗೀಸರ್ ತಾನೇ ಎಂದು ಅಂಗಡಿಯಲ್ಲಿ ಕೇಳಿಕೊಳ್ಳಿ.

ಇನ್ನು ಪೈಪು. 20 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ ಸುಮಾರು 300 ಮಿಲಿಲೀಟರ್ ನೀರು ನಿಲ್ಲುತ್ತದೆ. ತಾರಸಿಯಿಂದ ನಿಮ್ಮ ನಲ್ಲಿಗೆ 20 ಮೀಟರ್ ದೂರವಿದ್ದರೆ ಮೊದಲು ಬರುವ ಆರು ಲೀಟರ್ ತಣ್ಣೀರೇ. ಬಿಸಿ ಬರುವವರೆಗೆ ಅದು ಸುಮ್ನೆ ಮೋರಿಗೆ ಹೋಗುತ್ತದೆ. ಹೊಂಗಳ್ಳಿ, ಬೆಳಗೊಳದಿಂದ ಪಂಪ್ ಮಾಡಿ ಮೈಸೂರಿಗೆ ಹತ್ತಿಸಿ ತಂದ ಕಾವೇರಿ ನೀರು ಅದು! ಮನೆ ಕಟ್ಟುವಾಗಲೇ ಬಚ್ಚಲಿನ ನೆತ್ತಿಯ ಮೇಲೆ ಟ್ಯಾಂಕು ಬರುವಂತೆ ನೋಡಿಕೊಂಡರೆ ಇಷ್ಟು ಪೋಲಾಗದು. ಕಟ್ಟಿದ ಮನೆಯಾದರೆ ಪೈಪಿಗೆ ಶಾಖ ತಡೆಯುವ ಕವಚ ಹಾಕಿಸಿ, ನಲ್ಲಿಯ ಕೆಳಗೆ ಸದಾ ಒಂದು ಖಾಲಿ ಬಕೆಟ್ ಇರಲಿ.

ಗೊಬ್ಬರದ ಮೆಷಿನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಂಥ ಹೆಚ್ಚಿನ ಮೆಷಿನ್‌ಗಳು ಕಸವನ್ನು ಕರೆಂಟಿನಿಂದ ಒಣಗಿಸಿ ಪುಡಿ ಮಾಡುತ್ತವೆ. ಆ ಪುಡಿ ಇನ್ನೂ ಕೊಳೆತಿರುವುದಿಲ್ಲ, ಮಣ್ಣಿಗೆ ಬಿದ್ದ ಮೇಲೆ ಕೊಳೆಯಬೇಕು. ತೂತಿನ ಮಣ್ಣಿನ ಮಡಕೆ, ಒಂದು ಹಿಡಿ ಒಣ ಎಲೆ ಇದ್ದರೆ ಕರೆಂಟಿಲ್ಲದೆಯೇ ಗೊಬ್ಬರ ಆಗುತ್ತದೆ.

ನನಗೆ ಹೆಚ್ಚು ಕಾಡಿದ್ದು ನಿಮ್ಮ ಆ್ಯಪ್. ಅಡುಗೆ, ಬಟ್ಟೆ, ಪಾತ್ರೆ, ನೀರು ತುಂಬುವುದು, ಇದನ್ನೆಲ್ಲ ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ? ಅವರ ಕಣ್ಣಿಗೆ ಆ ಲೆಕ್ಕ ಬೀಳುವುದೇ ಇಲ್ಲ. ಕೆಲಸ ಒಬ್ಬರದು, ಲೆಕ್ಕ ಇನ್ನೊಬ್ಬರ ಜೇಬಿನಲ್ಲಿ. ಹೀಗಾದರೆ ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ಯೂನಿಟ್ ಇಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ತಂಡ ಕಟ್ಟಿದರು. ಜನರಿಗೆ ಬೇಕಿರುವುದು ಬರೀ ಇಂಧನವಲ್ಲ, ಬೆಂದ ಅನ್ನ, ಬೆಳಕು, ಕೈಗೆ ಸಿಗುವ ನೀರು ಎಂಬುದು ಅವರ ವಾದ. ಸೌದೆ ಉಳಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ಒಲೆಯ ಮುಂದೆ ಕೂರುವವರಿಂದ ಯೋಚನೆ ಶುರುವಾಗಬೇಕು.

ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹಿತ್ತಲಿನ ಬಾಳೆಗೋ ಕೆಸುವಿಗೋ ಹೋಗುತ್ತಿತ್ತು. ಯಾರೂ ನೆನಪಿಟ್ಟು ಮಾಡಬೇಕಾದ ಕೆಲಸವಾಗಿರಲಿಲ್ಲ ಅದು. ನೆಲದ ಇಳಿಜಾರೇ ನೋಡಿಕೊಳ್ಳುತ್ತಿತ್ತು. ಹಂಡೆ ಒಲೆಯ ಹೊಗೆ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ, ಅದರಿಂದ ಹೆಂಗಸರ ಕಣ್ಣು, ಎದೆ ಹಾಳಾಗಿವೆ. ಆದರೆ ಆ ಇಳಿಜಾರು ಬೇಕು. ನಿಮ್ಮ ಟಿವಿ ಸ್ವಿಚ್ ಷೋಕೇಸಿನ ಹಿಂದೆ ಅಡಗಿದ್ದರೆ ದಿನಾ ಬಗ್ಗಿ ಆರಿಸುವವರು ಯಾರು? ಅದನ್ನು ಕೈಗೆ ಎಟಕುವ ಕಡೆ ತನ್ನಿ.

ಹಾಗಾಗಿ ಆ ಚಿಕ್ಕ ಗೀಸರ್ ಒಂದನ್ನು ಬಿಟ್ಟು ಸದ್ಯಕ್ಕೆ ಹೊಸದೇನೂ ಕೊಳ್ಳಬೇಡಿ. ಫ್ಯಾನ್ ಕೆಟ್ಟಾಗ ಮಾತ್ರ 30 ವಾಟಿನ ಆಸುಪಾಸಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ, ಬ್ರಷ್ ಇಲ್ಲದ ಮೋಟಾರಿನ) ಫ್ಯಾನ್ ತನ್ನಿ, ಹಳೆಯದು 75 ವಾಟ್ ತಿನ್ನುತ್ತಿರುತ್ತದೆ. ರಾತ್ರಿ ಕಾಯಿಲ್ ಹಾಕುವುದನ್ನು ಬಿಡಿ. ಮನೆಯವರ ಜೊತೆ ಕೂತು, ಯಾವ ಕೆಲಸ ಎಲ್ಲಿ ತೊಡಕಾಗುತ್ತದೆ ಎಂದು ಕೇಳಿ, ಅವರು ಹೇಳಿದ್ದನ್ನು ಮೊದಲು ಸರಿಮಾಡಿಸಿ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದರೂ ಮೀಟರಿನ ಯೂನಿಟ್ಟನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಆ ಅಂಕಿಗಳನ್ನು ನಮಗೂ ಕಳಿಸಿ. ಈ ಸಲ ಪತ್ರವನ್ನು ನಿಮ್ಮ ಮನೆಯವರೇ ಬರೆಯಲಿ.