ಅರ್ಧ ಗಂಟೆಯ ಬುಶ್‌ಗೆ ಅರ್ಧ ದಿನ

ಪ್ರಶ್ನೆ: ನಿವೃತ್ತಿಯ ದುಡ್ಡಿನಲ್ಲಿ ಹಳೆಯ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡಿಯುವ ಯಂತ್ರ) ಕೊಂಡು ಕಾರ್ ಶೆಡ್‌ನಲ್ಲಿ ಇಟ್ಟಿದ್ದೇನೆ. ಮೊನ್ನೆ ನೀರಿನ ಪಂಪಿಗೆ ಒಂದು ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಶ್, ಅಂದರೆ ಶಾಫ್ಟ್ ಕೂರುವ ಸಣ್ಣ ಕೊಳವೆ, ಮಾಡಲು ಹೊರಟೆ. ಮನೆಯಲ್ಲಿ ‘ಅರ್ಧ ಗಂಟೆ’ ಎಂದಿದ್ದೆ. ಮುಗಿದಾಗ ಊಟದ ಹೊತ್ತು ಮೀರಿತ್ತು. ನನ್ನ ಕೈ ಅಷ್ಟು ನಿಧಾನವೇ?
(ತುಮಕೂರಿನ ಓದುಗರು)

ಉತ್ತರ: ನಿಮ್ಮ ಕೈಯದ್ದೇನೂ ತಪ್ಪಿಲ್ಲ. ಪೀಣ್ಯದ ಟೂಲ್‌ರೂಮಿನಲ್ಲಿ 31 ವರ್ಷ ದುಡಿದ ನನಗೂ ಮನೆಯ ಶೆಡ್‌ನಲ್ಲಿ ಹೀಗೇ ಆಯಿತು. ನನ್ನದೂ ಬುಶ್ಶೇ. ಹೊರಗೆ 25 ಮಿ.ಮೀ., ಒಳಗೆ 16, ಉದ್ದ 30. ಹಟಕ್ಕೆ ಬಿದ್ದು ಗಡಿಯಾರ ಮುಂದಿಟ್ಟುಕೊಂಡು ಬರೆದಿಟ್ಟೆ. ಒಟ್ಟು 130 ನಿಮಿಷ. ಅದರಲ್ಲಿ ಟೂಲ್ ಲೋಹ ಕಡಿದದ್ದು ಬರೀ 19 ನಿಮಿಷ! ಹುಡುಕಾಟಕ್ಕೇ 35 ಹೋಗಿತ್ತು. 14ರ ಡ್ರಿಲ್ ಬಿಟ್ ಕೊನೆಗೆ ಸಿಕ್ಕಿದ್ದು ಪೇಂಟ್ ಡಬ್ಬದ ಹಿಂದೆ. ಟೂಲ್‌ನ ತುದಿಯನ್ನು ಪೀಸ್‌ನ ನಡುಮಟ್ಟಕ್ಕೆ ಕೂಡಿಸಲು 25. ಉಳಿದದ್ದು ಹ್ಯಾಕ್ಸಾದಲ್ಲಿ ತುಂಡು ಮಾಡುವುದು, ಅಳೆಯುವುದು, ನಂಬಿಕೆ ಬಾರದೆ ಮತ್ತೆ ಅಳೆಯುವುದು, ಗುಡಿಸುವುದು.

ಫ್ಯಾಕ್ಟರಿಯಲ್ಲಿ ಸೆಟ್ಟಿಂಗ್‌ಗೆ 40 ನಿಮಿಷ ಹಿಡಿದರೂ 500 ಪೀಸ್ ತೆಗೆದರೆ ಒಂದೊಂದರ ಮೇಲೆ ಬೀಳುವುದು ಐದು ಸೆಕೆಂಡ್ ಕೂಡ ಅಲ್ಲ. ನಿಮ್ಮದು ಒಂದೇ ಪೀಸ್. ನಲವತ್ತೂ ಅದರ ತಲೆಗೇ, ಅಲ್ವಾ? ಅಲ್ಲಿ ಬಿಟ್ ತಂದುಕೊಡಲು ಸ್ಟೋರ್‌ನವನಿದ್ದ. ಇಲ್ಲಿ ಸ್ಟೋರ್‌ನವನೂ ನೀವೇ, ಕಸ ಗುಡಿಸುವವನೂ ನೀವೇ.

ಹಾಗಾಗಿ ಸ್ಪೀಡ್ ಜಾಸ್ತಿ ಮಾಡಲು ಹೋಗಬೇಡಿ. ಆ 19 ನಿಮಿಷದಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಪ್ರತಿ ಟೂಲ್‌ಗೂ ಒಮ್ಮೆ ಸರಿಯಾಗಿ ಪ್ಯಾಕಿಂಗ್ (ಎತ್ತರ ಸರಿಹೊಂದಿಸಲು ಅಡಿಗಿಡುವ ತೆಳು ಪಟ್ಟಿಗಳು) ಕೂಡಿಸಿ. ಫೇಸಿಂಗ್ ಮಾಡಿದಾಗ, ಅಂದರೆ ಪೀಸ್‌ನ ತುದಿ ಚಪ್ಪಟೆ ಮಾಡಿದಾಗ, ನಡುವೆ ಮೊಳೆಯಂಥ ಗುಬುಟು ಉಳಿಯಬಾರದು, ಅದೇ ಗುರುತು. ಆಮೇಲೆ ಆ ಪಟ್ಟಿಗಳನ್ನು ಟೂಲ್ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ನನ್ನ 25 ನಿಮಿಷ ಐದಕ್ಕೆ ಇಳಿದದ್ದು ಇಷ್ಟರಿಂದಲೇ. ಟ್ಯಾಪ್ (ತೂತಿನೊಳಗೆ ಸ್ಕ್ರೂ ಸುತ್ತು ಕಡಿಯುವ ಟೂಲ್) ಮತ್ತು ಅದರ ಡ್ರಿಲ್ ಒಂದೇ ಪೊಟ್ಟಣದಲ್ಲಿರಲಿ: ಎಂ6 (6 ಮಿ.ಮೀ. ಸ್ಕ್ರೂವಿನದು) ಜೊತೆ 5 ಮಿ.ಮೀ., ಎಂ8 ಜೊತೆ 6.8, ಎಂ10 ಜೊತೆ 8.5. ಡ್ರಿಲ್‌ಗಳಿಗೆ ಮರದ ದಿಮ್ಮಿಯಲ್ಲಿ ತೂತು ಕೊರೆಯಿರಿ. ಖಾಲಿ ತೂತು ಕಂಡರೆ ಕೆಲಸ ಶುರು ಮಾಡುವ ಮೊದಲೇ ಹುಡುಕಬಹುದು. ಚಕ್ (ಪೀಸ್ ಹಿಡಿದು ತಿರುಗುವ ಭಾಗ) ಬಿಗಿಸುವ ಕೀಗೆ ಹೆಡ್‌ಸ್ಟಾಕ್ (ಚಕ್ ಕೂತಿರುವ ಪೆಟ್ಟಿಗೆ) ಪಕ್ಕ ಕೊಕ್ಕೆ ಹಾಕಿ, ಕೀಯನ್ನು ಚಕ್‌ನಲ್ಲಿ ಮಾತ್ರ ಒಂದು ಗಳಿಗೆಯೂ ಬಿಡಬೇಡಿ. ಮೋಟಾರ್ ಆನ್ ಆದರೆ ಹಾರಿ ಮುಖಕ್ಕೇ ಬರುತ್ತದೆ.

ಗ್ರೈಂಡರ್ ಲೇತ್ ಪಕ್ಕದಲ್ಲೇ ಇದ್ದರೆ ಇವತ್ತೇ ಎತ್ತಿ ಶೆಡ್‌ನ ಆ ತುದಿಗೆ ಇಡಿ. ಅದರ ಧೂಳು ಲೇತ್ ಬೆಡ್ (ಟೂಲ್ ಹೊತ್ತ ಭಾಗ ಜಾರುವ ಉದ್ದನೆಯ ಹಳಿ) ಮೇಲಿನ ಎಣ್ಣೆಗೆ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಲೇತ್‌ಗೆ ಪ್ಲಾಸ್ಟಿಕ್ ಹೊದಿಸುತ್ತೇನೆ. ಆದರೂ ತುಕ್ಕು.
(ಉಡುಪಿಯ ಓದುಗರು)

ಉತ್ತರ: ಪ್ಲಾಸ್ಟಿಕ್ಕೇ ಕಾರಣ. ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಬೆಡ್‌ಗೆ ಎಣ್ಣೆ ಸವರಿ ಹಳೆಯ ಹತ್ತಿ ಬಟ್ಟೆ ಹೊದಿಸಿ.

ಪ್ರಶ್ನೆ: ಬೀದಿಯವರೆಲ್ಲ ‘ಸುಮ್ನೆ ಐದು ನಿಮಿಷದ ಕೆಲಸ’ ಎಂದು ತರುತ್ತಾರೆ. ಇಲ್ಲ ಅನ್ನಲು ಆಗುವುದಿಲ್ಲ. ದುಡ್ಡು ಕೇಳಲೇ?
(ಹಾಸನದ ಓದುಗರು)

ಉತ್ತರ: ನಾನು ಒಂದು ಬಕೆಟ್ ಇಟ್ಟಿದ್ದೇನೆ. ‘ಅದರಲ್ಲಿ ಹಾಕಿ, ಭಾನುವಾರ ನೋಡೋಣ’ ಅನ್ನುತ್ತೇನೆ. ಭಾನುವಾರ ಡ್ರಿಲ್ಲಿಂಗ್ ಕೆಲಸವೆಲ್ಲ ಒಟ್ಟಿಗೆ, ಟರ್ನಿಂಗ್ ಎಲ್ಲ ಒಟ್ಟಿಗೆ. ಅರ್ಧ ಜನ ಕೊಟ್ಟದ್ದನ್ನೇ ಮರೆತಿರುತ್ತಾರೆ. ದುಡ್ಡು ಕೇಳುವುದಿಲ್ಲ, ಕೇಳಿದರೆ ಟೈಮಿಗೆ ಕೊಡಬೇಕಾಗುತ್ತದೆ. ಹೋದ ಸಲ ಗೇಟಿನ ಪಿನ್ ಮಾಡಿಸಿಕೊಂಡವರು ಇಡೀ ಹಲಸಿನ ಹಣ್ಣು ತಂದಿಟ್ಟು ಹೋದರು. ಅದನ್ನು ಬಿಡಿಸಲು ಪಿನ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು.