‘ಎಂಟು ಜನರ ಟೆಂಟ್’ ಕೊಳ್ಳುವ ಮುನ್ನ ಮಾಳಿಗೆಯ ಮೇಲೆ ಗೆರೆ ಎಳೆದು ನೋಡಿರಿ

ಸರ್, ದಸರೆಯ ರಜೆಗೆ ಖಾನಾಪುರ ತಾಲೂಕಿನ ಜಾಂಬೋಟಿ ಕಡೆಗೆ, ಡಿಸೆಂಬರ್‌ನಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಗೆ ತಂದೆ-ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ಹೋಗಲೆಂದು, ‘ಬೇಟೆ ಮತ್ತು ಕ್ಯಾಂಪಿಂಗ್‌ಗೆ, 8 ಜನರಿಗೆ’ ಎಂಬ ಜಾಹೀರಾತಿನ ಗುಮ್ಮಟಾಕಾರದ ಟೆಂಟನ್ನು ಆರಿಸಿ, ಕೊಳ್ಳಬಹುದೇ ಎಂದು ಇಲ್ಲಿ ಕೇಳಿರುವಿರಿ. ‘ನಾವು ಆರೇ ಜನ, ಇಬ್ಬರ ಜಾಗ ಉಳಿಯುತ್ತದೆ’ ಎಂದೂ ಬರೆದಿರುವಿರಿ. ಆ ಜಾಗ ಉಳಿಯುವುದಿಲ್ಲ. ಇದೇ ಲೆಕ್ಕ ಹಾಕಿ ಟೆಂಟ್ ಕೊಂಡವರಲ್ಲಿ ನಾನೂ ಒಬ್ಬ. ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದ ಮೂವರೂ ಬಣ್ಣ ಮತ್ತು ಬೆಲೆಯ ಮಾತನ್ನಷ್ಟೇ ಆಡಿದ್ದರಿಂದ ಇಷ್ಟು ಉದ್ದ ಬರೆಯಬೇಕಾಗಿದೆ.

ನೀವು ಹಾಕಿದ ಚಿತ್ರದಲ್ಲಿ ನೆಲದ ಅಳತೆ 300 ಸೆಂ.ಮೀ.ಗೆ 300 ಸೆಂ.ಮೀ. ಎಂದಿದೆ, ಅಂದರೆ ಹತ್ತಡಿಗೆ ಹತ್ತಡಿ. ಎಂಟು ಜನ ಸಾಲಾಗಿ ಮಲಗಿದರೆ ಒಬ್ಬರ ಪಾಲಿಗೆ ಬರುವುದು 15 ಇಂಚು. ದೊಡ್ಡವರ ಭುಜದ ಅಗಲವೇ ಅದಕ್ಕಿಂತ ಹೆಚ್ಚು. ಆರು ಜನರಾದರೆ 20 ಇಂಚು, ಅದೂ ಮಗ್ಗುಲು ಬದಲಿಸದೆ ಮಲಗಿದರೆ. ಚೀಲಗಳನ್ನು ಕಾಲಕಡೆಗೆ ಇಡಬಹುದು ಎಂದುಕೊಳ್ಳುವಿರಿ; ಆದರೆ ಗೋಡೆ ಇಳಿಜಾರಾಗಿರುವುದರಿಂದ ಅಲ್ಲಿಟ್ಟ ಚೀಲ ಟೆಂಟಿನ ಬಟ್ಟೆಗೆ ತಾಗಿ, ಬೆಳಗಾಗುವಷ್ಟರಲ್ಲಿ ತೊಯ್ದಿರುತ್ತದೆ. ಗುಮ್ಮಟ ಎಂದೊಡನೆ ನಮ್ಮ ಗೋಳಗುಮ್ಮಟದ ಹಾಗೆ ಗೋಡೆ ನೆಟ್ಟಗೆ ಎದ್ದು ಮೇಲೆ ಮಾತ್ರ ಬಾಗುತ್ತದೆ ಎಂದು ಭಾವಿಸಬೇಡಿ. ಟೆಂಟಿನಲ್ಲಿ ಬಾಗುವುದು ನೆಲದಿಂದಲೇ ಆರಂಭವಾಗುತ್ತದೆ. ಎತ್ತರ 170 ಸೆಂ.ಮೀ. ಎಂದು ಬರೆದದ್ದು ನಟ್ಟನಡುವಿನ ಒಂದು ಬಿಂದುವಿನ ಎತ್ತರ ಮಾತ್ರ.

ಹಣ ಕೊಡುವ ಮುನ್ನ ಒಂದು ಕೆಲಸ ಮಾಡಿರಿ. ನಾನು ಈಗ ಯಾರಿಗೆ ಟೆಂಟ್ ಕೊಡಿಸಿದರೂ ಇದನ್ನು ಮಾಡಿಸದೆ ಬಿಡುವುದಿಲ್ಲ. ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಟೆಂಟಿನ ನೆಲದ ಅಳತೆಯ ಚೌಕ ಬರೆಯಿರಿ. ಅದರೊಳಗೆ, ನಾಲ್ಕೂ ಕಡೆ ಒಂದಡಿ ಬಿಟ್ಟು, ಇನ್ನೊಂದು ಚೌಕ ಬರೆಯಿರಿ. ನಿಮ್ಮ ನಿಜವಾದ ಜಾಗ ಒಳಗಿನದು. ಹತ್ತಡಿಯ ಟೆಂಟಿಗೆ ಅದು ಎಂಟಡಿಗೆ ಎಂಟಡಿ. ಅಲ್ಲಿ ಚಾಪೆಯಲ್ಲ, ನೀವು ನಿಜವಾಗಿ ಒಯ್ಯುವ ಕೌದಿ, ಜಮಖಾನೆ, ದಿಂಬುಗಳನ್ನೇ ಹಾಸಿರಿ. ತುಂಬಿದ ಚೀಲಗಳು, ನೀರಿನ ಕ್ಯಾನು, ಆರು ಜೋಡಿ ಚಪ್ಪಲಿಗಳನ್ನೂ ಇಡಿರಿ. ಬಾಗಿಲು ಎಲ್ಲಿ ಬರುತ್ತದೋ ಅಲ್ಲಿ ಎರಡು ಇಟ್ಟಂಗಿ ಇಟ್ಟು ಗುರುತು ಮಾಡಿ, ಮನೆಮಂದಿಯನ್ನೆಲ್ಲ ಮಲಗಿಸಿರಿ. ಆಮೇಲೆ ಬಾಗಿಲಿನಿಂದ ದೂರದ ಮೂಲೆಯಲ್ಲಿ ನಿಮ್ಮ ತಂದೆಯವರನ್ನು ಮಲಗಿಸಿ, ದೀಪ ಆರಿಸಿ, ರಾತ್ರಿ ಮೂತ್ರಕ್ಕೆ ಎದ್ದವರಂತೆ ಯಾರನ್ನೂ ತುಳಿಯದೆ ಹೊರಗೆ ಬರಲು ಹೇಳಿರಿ. ಮೊಣಕಾಲು ನೋವಿರುವ ಹಿರಿಯರು ಮೊಮ್ಮಗನ ಕಾಲು ಯಾವುದು, ಚೀಲ ಯಾವುದು ಎಂದು ಕೈಯಿಂದ ತಡವುತ್ತ, ಒಂದು ಕೈಯನ್ನು ಯಾರದೋ ದಿಂಬಿನ ಮೇಲೆ ಊರಿ ಏಳುವುದನ್ನು ಕಂಡರೆ ಟೆಂಟಿನ ಚೀಲದ ಮೇಲಿನ ‘8’ ಎಂಬ ಅಂಕಿಯ ಬೆಲೆ ತಿಳಿಯುತ್ತದೆ.

ಈ ಪರೀಕ್ಷೆಯಲ್ಲಿ ಒಂದು ಕೊರತೆಯಿದೆ: ಇಳಿಜಾರು ಗೋಚರಿಸುವುದಿಲ್ಲ. ಅದಕ್ಕಾಗಿ ನಡುವೆ ಟೆಂಟಿನ ಎತ್ತರದ ಬಿದಿರು ನಿಲ್ಲಿಸಿ, ತುದಿಯಿಂದ ನಾಲ್ಕು ಮೂಲೆಗೂ ದಾರ ಎಳೆಯಿರಿ. ನಿಜವಾದ ಟೆಂಟಿನ ಕೋಲು ಹೊರಕ್ಕೆ ಉಬ್ಬಿ ಬಾಗಿರುವುದರಿಂದ ದಾರ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚು ಜಾಗವೇ ಸಿಗುತ್ತದೆ. ಆದರೂ ಕೂತು ಲುಂಗಿ ಬದಲಿಸಲು ಸಾಧ್ಯವೇ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಬರೆದ ಸಂಖ್ಯೆಯಲ್ಲಿ ಎರಡು ಕಳೆಯುವುದೂ ಸಾಲದು. ಮುದುಕರು, ಮಕ್ಕಳು ಇದ್ದಲ್ಲಿ ಅರ್ಧವೆಂದೇ ಹಿಡಿಯಿರಿ.

ಹಾಗಾದರೆ ಇನ್ನೂ ದೊಡ್ಡ ಟೆಂಟ್ ಬೇಕೇ ಎಂದರೆ, ಬೇಡ ಎನ್ನುತ್ತೇನೆ. ‘6 ಜನರಿಗೆ’ ಎಂದು ಬರೆದ ಎರಡು ಟೆಂಟ್‌ಗಳನ್ನು ಬಾಗಿಲಿಗೆ ಬಾಗಿಲು ಎದುರಾಗಿ ಹೂಡಿ, ನಡುವೆ ತಾಡಪತ್ರಿ ಕಟ್ಟಿಕೊಳ್ಳಿ, ಅದೇ ಪಡಸಾಲೆ. ಒಂದು ಟೆಂಟಿನ ಕೋಲು ಮುರಿದರೆ ಇನ್ನೊಂದಿರುತ್ತದೆ, ತಂದೆಯವರ ಗೊರಕೆಯೂ ಬೇರೆಯಾಗುತ್ತದೆ. ಒಂದೇ ಟೆಂಟ್ ಎಂಬ ಹಟವಿದ್ದರೆ ನಿಲ್ಲುವಷ್ಟು ಎತ್ತರದ, ಒಳಗೆ ಮಲಗುವ ಕೋಣೆಗಳು ಬೇರೆಯಾಗಿರುವ ಸುರಂಗ ಮಾದರಿಯನ್ನು ನೋಡಿರಿ. ಡೆಕಾಥ್ಲಾನ್ ಅಂಗಡಿಯ ಕೆಚುವಾ ಆರ್ಪನಾಜ್ ಟೆಂಟ್‌ಗಳ ಹೆಸರಿನಲ್ಲಿ ಮೊದಲ ಅಂಕಿ ಜನರದು, ಎರಡನೆಯದು ಕೋಣೆಗಳದು: 4.1 ಎಂದರೆ ನಾಲ್ಕು ಜನ, ಒಂದು ಕೋಣೆ, 4.2 ಎಂದರೆ ನಾಲ್ಕು ಜನ, ಎರಡು ಕೋಣೆ. ಎರಡನೆಯ ಅಂಕಿ ಇಲ್ಲದ ದೊಡ್ಡ ಟೆಂಟ್‌ನಲ್ಲಿ ಅತ್ತೆ-ಸೊಸೆ ಬಟ್ಟೆ ಬದಲಿಸುವುದೆಲ್ಲಿ ಎಂದು ಕೊಳ್ಳುವ ಗಂಡಸರು ಯೋಚಿಸುವುದೇ ಇಲ್ಲ. ಕೋಲ್ಮನ್ ಕಂಪನಿಯ ಸನ್‌ಡೋಮ್ ಟೆಂಟ್ ಹೂಡಲು ಸುಲಭ, ನೆಲವೂ ಗಟ್ಟಿ. ಆದರೆ ಅದರ ಹೊರಹೊದಿಕೆ (ಮಳೆ ತಡೆಯಲು ಟೆಂಟಿನ ಮೇಲೆ ಹೊದಿಸುವ ಬಟ್ಟೆ) ನೆಲದವರೆಗೆ ಬರುವುದಿಲ್ಲ, ಆದ್ದರಿಂದ ಖಾನಾಪುರದ ಕಡೆಯ ಅಡ್ಡಮಳೆಗೆ ನಾನು ಅದನ್ನು ಹೇಳಲಾರೆ.

ಹೊರಹೊದಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ: ನಿಮ್ಮ ಚಿತ್ರದ ಟೆಂಟಿಗೆ ನೆತ್ತಿಯನ್ನು ಮುಚ್ಚುವ ಟೋಪಿಯಷ್ಟೇ ಇದೆ. ದಸರೆಯ ಹೊತ್ತಿಗೆ ಜಾಂಬೋಟಿಯಲ್ಲಿ ಮಳೆ ಪೂರ್ತಿ ಹೋಗಿರುವುದಿಲ್ಲ, ಬೆಳಗಿನ ಮಂಜೂ ಮಳೆಯಂತೆಯೇ ತೊಯ್ಯಿಸುತ್ತದೆ. ಹೊದಿಕೆ ನಾಲ್ಕೂ ಕಡೆ ನೆಲದಿಂದ ಒಂದು ಗೇಣಿನಷ್ಟು ಮೇಲಿನವರೆಗೆ ಇಳಿದಿರಬೇಕು, ಒಳಬಟ್ಟೆಗೆ ತಾಗದಂತೆ ಬಿಗಿದಿರಬೇಕು, ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಅಂಟಿಸಿರಬೇಕು. ನೀರು ತಡೆಯುವ ಅಂಕಿ (ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ಸೋರದೆ ತಡೆಯುತ್ತದೆ ಎಂಬ ಅಳತೆ) ಹೊದಿಕೆಗೆ 2000 ಮಿ.ಮೀ., ನೆಲಕ್ಕೆ 3000 ಮಿ.ಮೀ. ಇದ್ದರೆ ನಮ್ಮ ಕೆಲಸಕ್ಕೆ ಸಾಕು. ಮೊಣಕಾಲು ಊರಿದಲ್ಲಿ ಒತ್ತಡ ಹೆಚ್ಚುವುದರಿಂದ ನೆಲಕ್ಕೆ ಹೆಚ್ಚು ಬೇಕು. ಬರೀ ‘ವಾಟರ್‌ಪ್ರೂಫ್’ ಎಂದು ಬರೆದು ಅಂಕಿ ಕೊಡದವರ ಮಾಲನ್ನು ಮುಟ್ಟಬೇಡಿ. ಇನ್ನು ಒಂದೇ ಪದರದ ಟೆಂಟಿನಲ್ಲಿ ಆರು ಜನ ಕಿಟಕಿ ಮುಚ್ಚಿ ಮಲಗಿದರೆ ಅವರ ಉಸಿರೇ ನೀರಾಗಿ ತೊಟ್ಟಿಕ್ಕುತ್ತದೆ, ಟೆಂಟ್ ಸೋರುತ್ತದೆ ಎಂಬ ಹಲವು ದೂರುಗಳ ಮೂಲ ಇದೇ.

ಕೆಳಗೆ ಹಾಸುವ ತಾಡಪತ್ರಿ ಟೆಂಟಿನ ನೆಲಕ್ಕಿಂತ ಎರಡು ಇಂಚು ಚಿಕ್ಕದಿರಲಿ. ಹೊರಗೆ ಚಾಚಿದರೆ ಮೇಲಿನಿಂದ ಇಳಿದ ನೀರನ್ನು ಅದೇ ಹಿಡಿದು ನಿಮ್ಮ ಬೆನ್ನಿನ ಕೆಳಗೆ ತಂದು ನಿಲ್ಲಿಸುತ್ತದೆ. ಇದಕ್ಕಾಗಿ ಹೊಸದನ್ನು ಕೊಳ್ಳಬೇಕಿಲ್ಲ, ರಾಶಿ ಮುಚ್ಚುವ ಹಳೆಯದನ್ನೇ ಕತ್ತರಿಸಿಕೊಳ್ಳಿ.

ಆಲಮಟ್ಟಿಯ ವಿಷಯ ಬೇರೆ. ಅಲ್ಲಿ ಶತ್ರು ಗಾಳಿ ಮತ್ತು ಎರಿ (ಕಪ್ಪು) ಮಣ್ಣು. ಟೆಂಟಿನೊಡನೆ ಬರುವ ತೆಳು ತಂತಿಯ ಗೂಟ ಒಣಗಿ ಬಿರಿದ ಎರಿಯಲ್ಲಿ ಬಿರುಕಿಗೆ ಸಿಕ್ಕಿ ಸಡಿಲಾಗುತ್ತದೆ, ಹಸಿಯಾದ ಎರಿಯಲ್ಲಿ ಬೆಣ್ಣೆಯಿಂದ ಕಿತ್ತಂತೆ ಬರುತ್ತದೆ. ಕಮ್ಮಾರರ ಬಳಿ ಒಂದಡಿ ಉದ್ದದ ಕಬ್ಬಿಣದ ಸರಳಿಗೆ ತಲೆ ಬಗ್ಗಿಸಿ ಗೂಟ ಮಾಡಿಸಿಕೊಳ್ಳಿ, ಟೆಂಟಿನಿಂದ ಹೊರಮುಖವಾಗಿ ತಲೆ ವಾಲುವಂತೆ ಹೊಡೆಯಿರಿ. ಗಾಳಿಹಗ್ಗಗಳನ್ನು, ಅಂದರೆ ಟೆಂಟನ್ನು ಗಾಳಿಗೆ ಅಲುಗದಂತೆ ಗೂಟಕ್ಕೆ ಬಿಗಿಯುವ ಹಗ್ಗಗಳನ್ನು, ಸಂಜೆಯೇ ಕಟ್ಟಿರಿ. ಎತ್ತರದ ಟೆಂಟಿಗೆ ಅವು ಅಲಂಕಾರವಲ್ಲ. ಬಾದಾಮಿ ಕಡೆಯ ಬಂಡೆಯ ಮೇಲೆ ಯಾವ ಗೂಟವೂ ಇಳಿಯದು, ಹಗ್ಗಕ್ಕೆ ಕಲ್ಲು ಕಟ್ಟುವುದೊಂದೇ ದಾರಿ. ಕೋಲು ಫೈಬರ್‌ಗ್ಲಾಸ್ ಆದರೆ ಉದ್ದಕ್ಕೆ ಸೀಳುತ್ತದೆ, ಸೀಳಿದ್ದನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸಣ್ಣ ಎಳೆಗಳು ಚುಚ್ಚಿದರೆ ಬೇಗ ಹೊರಬರುವುದಿಲ್ಲ. ಹಣವಿದ್ದರೆ ಅಲ್ಯೂಮಿನಿಯಂ ಕೋಲು ತೆಗೆದುಕೊಳ್ಳಿ. ನೀರಿನ ಅಂಚಿಗೆ ಮಾತ್ರ ಯಾರು ಎಷ್ಟೇ ಚಂದವೆಂದರೂ ಹೂಡಬೇಡಿ, ಹಿನ್ನೀರಿನ ಮಟ್ಟ ನಮ್ಮನ್ನು ಕೇಳಿ ಏರುವುದಿಲ್ಲ.

ಜಾಹೀರಾತಿನ ‘ಬೇಟೆ’ಗೆ ಮರುಳಾಗಬೇಡಿ. ಅಮೆರಿಕದ ಚಳಿಯಲ್ಲಿ ಬೇಟೆಗೆ ಹೋಗುವವರು ದಪ್ಪ ಕ್ಯಾನ್ವಾಸ್ ಡೇರೆ ಹೂಡಿ, ಅದರೊಳಗೆ ಹೊಗೆಕೊಳವೆಯಿರುವ ಕಟ್ಟಿಗೆಯ ಒಲೆ ಇಡುತ್ತಾರೆ. ಆ ವಿಡಿಯೋ ನೋಡಿ ನಮ್ಮವರು ನೈಲಾನ್ ಟೆಂಟಿನೊಳಗೆ ಶೆಗಡಿ (ಕೆಂಡದ ಒಲೆ) ಒಯ್ಯುವುದನ್ನು ಕಂಡಿದ್ದೇನೆ. ಮುಚ್ಚಿದ ಟೆಂಟಿನಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರು ಏಳದೇ ಹೋಗಬಹುದು. ವಿಜಯಪುರದ ಚಳಿಗೆ ಇನ್ನೊಂದು ಕೌದಿ ಸಾಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಷಿದ್ಧ. ಜಾಂಬೋಟಿಯ ಆಚೆಗಿನ ಭೀಮಗಡ ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಟೆಂಟ್ ಹೂಡುವುದೂ ಅಪರಾಧ. ಪರಿಚಯದವರ ಹೊಲದ ಬದುವಿನ ಮೇಲೆ, ಅವರನ್ನು ಕೇಳಿಯೇ ಹೂಡಿರಿ.

ಯಾವುದನ್ನೇ ಕೊಂಡರೂ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಮಾಳಿಗೆಯ ಮೇಲೆ ಹೂಡಿ ಪೈಪಿನಿಂದ ಅರ್ಧ ಗಂಟೆ ನೀರು ಬಿಡಿರಿ. ನೀವು ಒಳಗೆ ಕುಳಿತು ಹೊಲಿಗೆಗಳ ಮೇಲೆ ಒಣ ಕಾಗದ ಸವರುತ್ತ ಹೋಗಿರಿ, ಮೂಲೆಗಳಲ್ಲಿ ಹೆಚ್ಚು ಹೊತ್ತು ಒತ್ತಿ ನೋಡಿರಿ. ಸೋರಿದರೆ ಚಿತ್ರ ತೆಗೆದು, ಪೂರ್ತಿ ಒಣಗಿಸಿ ಮಡಚಿ ಮರಳಿಸಿರಿ; ಸೋರದಿದ್ದರೂ ಒಣಗಿಸಿಯೇ ಮಡಚಿರಿ, ಏಕೆಂದರೆ ಹಸಿಯಾಗಿ ಅಟ್ಟಕ್ಕೇರಿದ ಟೆಂಟಿನ ಒಳಲೇಪ ಮುಂದೆ ಅಂಟುಅಂಟಾಗಿ ಸುಲಿಯಬಹುದು. ಸದ್ಯಕ್ಕೆ ಹೊರಹೊದಿಕೆ ಕಾಣುವಂತೆ ಪಕ್ಕದಿಂದ ತೆಗೆದ ಚಿತ್ರವನ್ನು ಮಾರಾಟಗಾರರಿಂದ ಕೇಳಿ ಇಲ್ಲಿ ಹಾಕಿರಿ, ಅದನ್ನು ನೋಡಿ ಉಳಿದದ್ದನ್ನು ಹೇಳುತ್ತೇನೆ.